ಆಣೆಯೂ ಒಪ್ಪಿಗೆಯೂ

ಗುಬ್ಬಿಯಿಂದ ತುಮಕೂರಿಗೆ ಸುಮಾರು ಇಪ್ಪತ್ತು ಕಿಲೋಮೀಟರು. ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ಗಂಟೆಯೊಳಗೆ ಮುಗಿದುಹೋಗುವ ದಾರಿ. ಮೇಷ್ಟರ ಕೆಲಸದಲ್ಲಿದ್ದ ನಾನು ಸಂಬಳದ ಬಿಲ್ಲಿಗೆ, ಪರೀಕ್ಷೆಯ ಕಾಗದಪತ್ರಕ್ಕೆ, ಮದುವೆಯ ಜವಳಿಗೆ ಎಂದು ಈ ದಾರಿಯನ್ನು ಎಷ್ಟು ಸಲ ಸವೆಸಿದ್ದೇನೋ ಲೆಕ್ಕವಿಲ್ಲ. ಆದರೆ 2011ರ ಆಷಾಢದಲ್ಲಿ ಒಂದು ಶನಿವಾರ ಸಂಜೆ ಇದೇ ದಾರಿಯಲ್ಲಿ ನಾನು ಕಳ್ಳನಂತೆ ಹೋದೆ. ಬಸ್ಸಿನ ಹಿಂದಿನ ಸಾಲಿನಲ್ಲಿ ಕಿಟಕಿಯ ಕಡೆಗೆ ಮುಖಮಾಡಿ ಕುಳಿತಿದ್ದೆ. ಪರಿಚಿತರು ಯಾರಾದರೂ ಮಾತನಾಡಿಸಿದರೆ ಹೇಳುವುದಕ್ಕೆಂದು ಒಂದು ಸುಳ್ಳನ್ನೂ ಸಿದ್ಧಮಾಡಿಕೊಂಡಿದ್ದೆ: ಕನ್ನಡಕ ಬದಲಾಯಿಸಬೇಕು, ಅದಕ್ಕೆ ಹೊರಟೆ, ಎಂದು.

ನಾನು ಹೊರಟಿದ್ದದ್ದು ಕುಡಿಯುವುದಕ್ಕಲ್ಲ, ಕುಡಿತವನ್ನು ಬಿಡುವುದಕ್ಕೆ. ಹದಿನೆಂಟು ವರ್ಷ ಕುಡಿದದ್ದು ನನ್ನ ಊರಿನಲ್ಲೇ, ನನ್ನ ಶಿಷ್ಯರ ತಂದೆತಾಯಿಗಳ ಕಣ್ಣೆದುರಿಗೇ. ಅಂಗಡಿಯ ಹುಡುಗ ನಾನು ಬಾಯಿ ತೆರೆಯುವ ಮೊದಲೇ ನನ್ನ ಪಾಲಿನದನ್ನು ತೆಗೆದಿಡುತ್ತಿದ್ದ. ಅದಕ್ಕಾಗಿ ನಾನು ಎಂದೂ ಮುಖ ಮರೆಸಿಕೊಳ್ಳಲಿಲ್ಲ. ಬಿಡುವುದಕ್ಕೆ ಮಾತ್ರ ಪರಸ್ಥಳ ಬೇಕಾಯಿತು, ಸುಳ್ಳು ಬೇಕಾಯಿತು.

ಇದು ನನ್ನೊಬ್ಬನ ವಿಚಿತ್ರವೆಂದು ಆಗ ತಿಳಿದಿದ್ದೆ. ಹೋದ ಸ್ಥಳದಲ್ಲಿ ಕುಣಿಗಲಿನವರೊಬ್ಬರು ಸಿಕ್ಕಿದರು. ಅವರೂ ಊರಿನವರ ಕಣ್ಣು ತಪ್ಪಿಸಿ ತುಮಕೂರಿಗೆ ಬಂದವರು. ತುಮಕೂರಿನವರೇ ಆದ ಇನ್ನೊಬ್ಬರು ತಾವು ಮೊದಲ ವರ್ಷವೆಲ್ಲ ಬೆಂಗಳೂರಿಗೆ ಹೋಗಿಬರುತ್ತಿದ್ದುದಾಗಿ ಹೇಳಿದರು. ಕುಡಿಯುವುದಕ್ಕೆ ನಾಚದ ಮನುಷ್ಯ ಬಿಡುವುದಕ್ಕೆ ಏಕೆ ನಾಚುತ್ತಾನೆ? ಈ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಇದಕ್ಕೆ ನನಗೆ ಹೊಳೆದ ಉತ್ತರವನ್ನು ಓದುಗರ ಮುಂದೆ ಇಡಬೇಕೆಂದು ಈ ಬರಹ.

ಮೊದಲು ಆಣೆಯ ಮಾತು ಹೇಳಬೇಕು. ಕುಡುಕನಷ್ಟು ಆಣೆ ಇಡುವ ಪ್ರಾಣಿ ಲೋಕದಲ್ಲಿ ಇನ್ನೊಂದಿಲ್ಲ. ನಾನು ತಾಯಿಯ ಮೇಲೆ ಇಟ್ಟಿದ್ದೆ, ಅನ್ನದ ಮೇಲೆ ಇಟ್ಟಿದ್ದೆ, ಪುಸ್ತಕದ ಮೇಲೆ ಇಟ್ಟಿದ್ದೆ. 2004ರಲ್ಲಿ ಗುಬ್ಬಿಯಪ್ಪನ ಜಾತ್ರೆಯ ಮಾರನೆಯ ದಿನ, ಒಂಬತ್ತು ವರ್ಷದ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು, ಅವನ ತಲೆಯ ಮೇಲೆ ಕೈಯಿಟ್ಟು, ಇನ್ನು ಮುಟ್ಟುವುದಿಲ್ಲ ಎಂದೆ. ಹೆಂಡತಿ ದೇವರ ಮುಂದೆ ದೀಪ ಹಚ್ಚಿದಳು. ಆ ಮಾತು ಸುಳ್ಳಿನಿಂದ ಆಡಿದ್ದಲ್ಲ. ಅಷ್ಟು ಪ್ರಾಮಾಣಿಕವಾಗಿ ನಾನು ಜೀವಮಾನದಲ್ಲಿ ಬೇರೆ ಮಾತನ್ನು ಆಡಿರಲಾರೆ. ಹದಿನೇಳು ದಿನ ಉಳಿಯಿತು. ಹದಿನೆಂಟನೆಯ ಸಂಜೆ ಮುರಿಯಿತು. ಅದಾಗಿ ನಾಲ್ಕು ದಿನಕ್ಕೆ ಮಗನಿಗೆ ಜ್ವರ ಬಂದಿತು.

ಮಕ್ಕಳಿಗೆ ಜ್ವರ ಬರುವುದು ಸಾಮಾನ್ಯ. ವಿಜ್ಞಾನದ ಪಾಠ ಹೇಳುವ ನನಗೆ ಅದು ತಿಳಿಯದ ಸಂಗತಿಯೆ? ಆದರೂ ಆ ಮೂರು ರಾತ್ರಿ ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರ ಮನಸ್ಸಿನಲ್ಲಿಯೂ ಇದ್ದುದು ಒಂದೇ ವಿಚಾರ. ಆ ಭಯ ತಡೆಯಲಾರದೆ ನಾನು ಮತ್ತೂ ಕುಡಿದೆ. ಜ್ವರ ಬಿಟ್ಟ ಮೇಲೆ ಅವಳು ಮೆಲ್ಲಗೆ ಹೇಳಿದಳು: “ಕುಡಿಯೋದಿದ್ರೆ ಕುಡೀರಿ. ಮಗೂನ ತಲೆ ಮಾತ್ರ ಇನ್ನು ಮೇಲೆ ಮುಟ್ಟಬೇಡಿ.”

ಆ ದಿನದ ಮೇಲೆ ನಾನು ಆಣೆಯನ್ನು ಬಿಟ್ಟೆ, ಕುಡಿತವನ್ನು ಬಿಡಲಿಲ್ಲ. ಇನ್ನೂ ಏಳು ವರ್ಷ ಕಳೆಯಿತು.

ಕೊನೆಗೆ ಕೈ ನಡುಗುವುದು ಹೆಚ್ಚಾಗಿ, ಕರಿಹಲಗೆಯ ಮೇಲೆ ಬರೆಯಲು ಆಗದಂತಾದಾಗ, ತುಮಕೂರಿನ ವೈದ್ಯರೊಬ್ಬರಲ್ಲಿಗೆ ಹೋದೆ. ನಾಳೆಯಿಂದಲೇ ನಿಲ್ಲಿಸಿಬಿಡುತ್ತೇನೆ ಎಂದು ವೀರಾವೇಶದಿಂದ ಹೇಳಿದೆ. ಅವರು ತಲೆಯಲ್ಲಾಡಿಸಿದರು. ವರ್ಷಗಟ್ಟಲೆ ವಿಪರೀತ ಕುಡಿದವನು ಮನೆಯಲ್ಲಿ ಒಬ್ಬನೇ ಇದ್ದು ಥಟ್ಟನೆ ನಿಲ್ಲಿಸಿದರೆ ಮೈ ತಿರುಗಿ ಬೀಳುತ್ತದೆ. ಫಿಟ್ಸು ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣಕ್ಕೂ ಸಂಚಕಾರವಾದೀತು ಎಂದರು. ಇದು ಎಲ್ಲರೂ ತಿಳಿದಿರಬೇಕಾದ ವಿಷಯವೆಂದು ಇಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ಕೆಲವು ದಿನ ಮಲಗಿಸಿಕೊಂಡು, ಔಷಧಿ ಕೊಟ್ಟು, ಥಯಮಿನ್ ಎಂಬ ಜೀವಸತ್ವದ ಚುಚ್ಚುಮದ್ದು ಹಾಕಿ, ಬೀಳ್ಕೊಡುವಾಗ ಅವರು ಅಂದ ಮಾತು ಇನ್ನೂ ಕಿವಿಯಲ್ಲಿದೆ: “ಮೈಯಿಂದ ಇಳಿಸೋದು ಒಂದು ವಾರದ ಕೆಲಸ ಮೇಷ್ಟ್ರೇ. ಅದು ನನ್ನ ಪಾಲಿಂದು, ಆಯ್ತು. ಎಂಟನೇ ದಿನದ ಸಾಯಂಕಾಲ ಒಂದು ಬರುತ್ತಲ್ಲ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಅದನ್ನ ದಾಟಿದವರನ್ನ ಕೇಳಿ.” ಒಂದು ಚೀಟಿಯಲ್ಲಿ ದಿನ, ಹೊತ್ತು, ಸ್ಥಳ ಬರೆದುಕೊಟ್ಟರು. ಆ ಚೀಟಿಯೇ ನನ್ನನ್ನು ಶನಿವಾರದ ಬಸ್ಸಿಗೆ ಹತ್ತಿಸಿದ್ದು.

ಸ್ಥಳ ಒಂದು ಸಣ್ಣ ಶಾಲೆಯ ಕೊಠಡಿ. ಮಕ್ಕಳು ಕೂರುವ ಗಿಡ್ಡ ಬೆಂಚುಗಳು. ಹಲಗೆಯ ಮೇಲೆ ಹಿಂದಿನ ದಿನದ ಭಾಗಾಕಾರ ಅಳಿಸದೆ ಉಳಿದಿತ್ತು. ಇಪ್ಪತ್ತೈದು ವರ್ಷ ಹಲಗೆಯ ಪಕ್ಕದಲ್ಲಿ ನಿಂತವನು ಅಂದು ಬೆಂಚಿನ ಮೇಲೆ ಮೊಣಕಾಲು ಮಡಿಸಿಕೊಂಡು ಕುಳಿತೆ. ಹನ್ನೊಂದು ಜನರಿದ್ದರು. ಸಭೆ ನಡೆಸಿದವರು ತರಕಾರಿ ಮಾರುವವರು. ಬ್ಯಾಂಕಿನ ಅಧಿಕಾರಿಯೊಬ್ಬರು ಚಹಾ ಹಂಚಿದರು. ಅಧ್ಯಕ್ಷರಿಲ್ಲ, ಉಪನ್ಯಾಸಕರಿಲ್ಲ, ಹಾರತುರಾಯಿಗಳಿಲ್ಲ. ಸದಸ್ಯತ್ವದ ಶುಲ್ಕವೂ ಇಲ್ಲ. ಕೊನೆಯಲ್ಲಿ ಒಂದು ಡಬ್ಬಿ ಸುತ್ತಿಬಂದಿತು, ಇದ್ದವರು ಇದ್ದಷ್ಟು ಹಾಕಿದರು. ಕುಡಿತವನ್ನು ಬಿಡಬೇಕೆಂಬ ಇಚ್ಛೆ ಒಂದಿದ್ದರೆ ಸಾಕು, ಸದಸ್ಯನಾಗಲು ಬೇರೆ ಅರ್ಹತೆ ಬೇಕಿಲ್ಲವೆಂದರು.

ಒಬ್ಬೊಬ್ಬರಾಗಿ ಮಾತನಾಡಿದರು. ಮೊದಲು ತಮ್ಮ ಹೆಸರು. ಆಮೇಲೆ “ನಾನೊಬ್ಬ ಆಲ್ಕೋಹಾಲಿಕ್” ಎಂಬ ಮಾತು. ಕನ್ನಡದ ಸಭೆಯಲ್ಲಿ ಈ ಇಂಗ್ಲಿಷು ಏಕೆ ಎಂದುಕೊಂಡೆ. ಬಹುಶಃ ನಮ್ಮ ಮಾತಿಗಿಂತ ಅದು ಚುಚ್ಚುವುದು ಕಡಿಮೆ. ಕುಣಿಗಲಿನವರ ಸರದಿ ಬಂದಾಗ ಮಾತ್ರ ಅವರು ನೆಟ್ಟಗೆ ಹೇಳಿದರು: “ನಾನು ಕುಡುಕ. ಇವತ್ತು ಕುಡುದಿಲ್ಲ.” ಲಾರಿ ಓಡಿಸುವ ಕೆಲಸ, ಆಳೆತ್ತರದ ಮನುಷ್ಯ. ಆ ಎರಡು ವಾಕ್ಯ ಹೇಳುವಾಗ ಅವರ ಧ್ವನಿಯಲ್ಲಿ ಅಳುವೂ ಇರಲಿಲ್ಲ, ಜಂಬವೂ ಇರಲಿಲ್ಲ. ಇಂಥ ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು. ಅವರ ಅಪ್ಪಣೆ ಪಡೆದೇ ಇಷ್ಟನ್ನು ಬರೆದಿದ್ದೇನೆ. ಗುರುತು ಹಿಡಿಯುವ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ.

ನನ್ನ ಸರದಿ ಬಂದಿತು. ಮೇಷ್ಟರ ಬಾಯಿ, ಕೇಳಬೇಕೆ? ಇಂದ್ರಿಯನಿಗ್ರಹದಿಂದ ಆರಂಭಿಸಿ, ಮೌಸಲಪರ್ವದಲ್ಲಿ ಯಾದವರು ಕುಡಿದು ಹೊಡೆದಾಡಿ ಸತ್ತದ್ದನ್ನು ವರ್ಣಿಸಿ, ಸಮಾಜದ ಪಾತ್ರವೇನೆಂಬುದರವರೆಗೆ ಕಾಲು ಗಂಟೆ ಮಾತನಾಡಿದೆ. ಎಲ್ಲರೂ ತಾಳ್ಮೆಯಿಂದ ಕೇಳಿದರು. ಸಭೆ ಮುಗಿದು ಚಪ್ಪಲಿ ಮೆಟ್ಟುತ್ತಿದ್ದಾಗ ಕುಣಿಗಲಿನವರು ಪಕ್ಕಕ್ಕೆ ಬಂದು ಕೇಳಿದರು: “ಮೇಷ್ಟ್ರೇ, ಪಾಠ ಚೆನ್ನಾಗಿತ್ತು. ಇವತ್ತು ನೀವು ಕುಡುದ್ರಾ, ಇಲ್ವಾ?”

“ಇಲ್ಲ.”

“ಹಂಗಾದ್ರೆ ಅಷ್ಟು ಸಾಕು ಬುಡಿ. ನಾಳೀಕೆ ನಾಳೆ.”

ಆ ರಾತ್ರಿ ಗುಬ್ಬಿಗೆ ಹಿಂದಿರುಗುವಾಗ ಬಸ್ಸಿನಲ್ಲಿ ಇದೇ ಮಾತನ್ನು ಮೆಲುಕುಹಾಕುತ್ತಿದ್ದೆ. ನನ್ನ ಆಣೆಗಳಲ್ಲಿ ಇದ್ದ ದೋಷವೇನೆಂಬುದು ಆಗ ಮೊದಲ ಸಲ ಕಂಡಿತು. ಆಣೆ ಎಂದರೆ ಇಡೀ ಮುಂದಿನ ಕಾಲವನ್ನು ಒಂದೇ ಏಟಿಗೆ ಬರೆದುಕೊಡುವುದು. ಆ ಕಾಲ ನನ್ನದಾಗಿತ್ತೆ? ನಾಳೆಯ ಸಂಜೆಯ ಮೇಲೆ ನನಗೆ ಯಾವ ಹಕ್ಕಿತ್ತು? ಅಷ್ಟೇ ಅಲ್ಲ, ಆ ಪತ್ರಕ್ಕೆ ಆಧಾರವಾಗಿ ನಾನು ಇಟ್ಟದ್ದು ನನ್ನ ಸ್ವತ್ತನ್ನಲ್ಲ, ಮಗನ ತಲೆಯನ್ನು. ಪರರ ತೋಟವನ್ನು ಅಡವಿಟ್ಟು ಸಾಲ ತಂದವನಿಗೂ ನನಗೂ ಏನು ಭೇದ? “ಇವತ್ತು ಕುಡಿದಿಲ್ಲ” ಎನ್ನುವವನು ಬಡವನಿರಬಹುದು. ಆದರೆ ಅವನು ಎಣಿಸಿಕೊಡುವುದು ತನ್ನ ಕೈಯಲ್ಲಿರುವ ಕಾಸನ್ನೇ.

ಇನ್ನೊಂದು ಭೇದವುಂಟು. ಆಣೆಯನ್ನು ನಾವು ಯಾವಾಗಲೂ ನಮಗಿಂತ ಮೇಲಿನವರ ಮುಂದೆ ಇಡುತ್ತೇವೆ: ದೇವರ ಮುಂದೆ, ಹಿರಿಯರ ಮುಂದೆ, ಇಲ್ಲವೆ ನಾವು ನೋಯಿಸಿದವರ ಮುಂದೆ. ಇಟ್ಟ ಗಳಿಗೆಯಿಂದ ಅವರು ಕಾವಲುಗಾರರಾಗುತ್ತಾರೆ, ನಾವು ಕೈದಿಗಳಾಗುತ್ತೇವೆ. ಮುರಿದಾಗ ಅವರಿಂದ ಮುಚ್ಚಿಡಬೇಕಾಗುತ್ತದೆ. ಮುಚ್ಚಿಟ್ಟವನು ಒಂಟಿ; ಒಂಟಿಯಾದವನಿಗೆ ಬಾಟಲಿಗಿಂತ ಹತ್ತಿರದ ನೆಂಟರಿಲ್ಲ. ನನ್ನ ಒಂದೊಂದು ಆಣೆಯೂ ನನ್ನನ್ನು ಮನೆಯವರಿಂದ ಒಂದೊಂದು ಮಾರು ದೂರ ತಳ್ಳಿತೇ ಹೊರತು ಅಂಗಡಿಯಿಂದ ಒಂದು ಗೇಣೂ ದೂರ ತಳ್ಳಲಿಲ್ಲ. ಒಪ್ಪಿಗೆ ಹಾಗಲ್ಲ. ಅದು ಸಮಾನರ ನಡುವಿನ ಮಾತು. ಕೇಳುವವನು ಕೇಳಿ ಅಚ್ಚರಿಪಡುವುದಿಲ್ಲ, ಅಸಹ್ಯಪಡುವುದಿಲ್ಲ. ಅವನ ಸರದಿ ಬಂದಾಗ ಅವನೂ ಅದನ್ನೇ ಹೇಳುತ್ತಾನೆ.

ಈ ಸಂಘ ಹುಟ್ಟಿದ ಕಥೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ನ್ಯೂಯಾರ್ಕಿನ ಬಿಲ್ ವಿಲ್ಸನ್ ಷೇರುಪೇಟೆಯ ಮನುಷ್ಯ. ಕುಡಿದು ಹಾಳಾಗಿ, ಹೇಗೋ ಐದು ತಿಂಗಳಿಂದ ನಿಲ್ಲಿಸಿದ್ದ. 1935ರ ಮೇ ತಿಂಗಳಲ್ಲಿ ವ್ಯವಹಾರದ ಮೇಲೆ ಓಹಿಯೋ ಸಂಸ್ಥಾನದ ಆಕ್ರನ್ ಎಂಬ ಊರಿಗೆ ಹೋದ. ವ್ಯವಹಾರ ಕೆಟ್ಟಿತು. ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದಾನೆ. ಒಂದು ಕಡೆ ಪಾನಗೃಹ, ಇನ್ನೊಂದು ಕಡೆ ಟೆಲಿಫೋನು. ಕಾಲು ಪಾನಗೃಹದ ಕಡೆಗೆ ಎಳೆಯುತ್ತಿದೆ. ಆಗ ಅವನಿಗೆ ಹೊಳೆದದ್ದು ಉಪದೇಶಕನನ್ನು ಹುಡುಕಬೇಕೆಂದಲ್ಲ, ವೈದ್ಯನನ್ನು ಹುಡುಕಬೇಕೆಂದೂ ಅಲ್ಲ. ಮಾತನಾಡುವುದಕ್ಕೆ ಇನ್ನೊಬ್ಬ ಕುಡುಕ ಬೇಕೆಂದು. ಚರ್ಚುಗಳಿಗೆ ಫೋನು ಮಾಡಿ ವಿಚಾರಿಸಿದ. ಹೀಗೆ ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್, ಆ ಊರಿನ ಶಸ್ತ್ರವೈದ್ಯರು, ತಾವೇ ಕುಡಿತದಲ್ಲಿ ಮುಳುಗಿದ್ದವರು. ಹದಿನೈದು ನಿಮಿಷ ಮಾತ್ರ ಎಂದು ಬಂದ ಅವರು ಅಂದು ರಾತ್ರಿ ಗಂಟೆಗಟ್ಟಲೆ ಕುಳಿತರು. ಅವರಿಗೆ ಬುದ್ಧಿ ಹೇಳಿದವರು ಅದುವರೆಗೆ ಬೇಕಾದಷ್ಟು ಮಂದಿ ಇದ್ದರು. ಆದರೆ ಈತ ಬಂದದ್ದು ಅವರನ್ನು ಉದ್ಧರಿಸುವುದಕ್ಕಲ್ಲ, ತಾನು ಉಳಿದುಕೊಳ್ಳುವುದಕ್ಕೆ. ಅದೇ ವರ್ಷ ಜೂನ್ 10ರಂದು ಡಾಕ್ಟರ್ ಬಾಬ್ ಕೊನೆಯ ಸಲ ಕುಡಿದರು. ಆ ದಿನವನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘದ ಜನ್ಮದಿನವೆಂದು ಎಣಿಸುತ್ತಾರೆ. 1957ರಲ್ಲಿ ಮುಂಬಯಿಯಲ್ಲಿ ಭಾರತದ ಸಂಘ ಆರಂಭವಾಯಿತು.

ಈ ಕಥೆಯನ್ನು ಕೇಳಿದಾಗ ನನಗೆ ನೆನಪಾದದ್ದು ಆದಿಪರ್ವದ ಕಚನ ಉಪಾಖ್ಯಾನ. ಸತ್ತವರನ್ನು ಬದುಕಿಸುವ ಸಂಜೀವಿನಿ ವಿದ್ಯೆ ಅಸುರಗುರು ಶುಕ್ರಾಚಾರ್ಯನೊಬ್ಬನಿಗೇ ಗೊತ್ತು. ಕಲಿಯಲು ಬಂದ ಕಚನನ್ನು ಅಸುರರು ಕೊಂದು, ಸುಟ್ಟು, ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರುವಿಗೇ ಕುಡಿಸುತ್ತಾರೆ. ಶಿಷ್ಯ ಗುರುವಿನ ಹೊಟ್ಟೆಯಲ್ಲಿದ್ದಾನೆ. ಅವನನ್ನು ಬದುಕಿಸಿದರೆ ಅವನು ಹೊಟ್ಟೆ ಸೀಳಿಕೊಂಡು ಬರಬೇಕು, ಗುರು ಸಾಯಬೇಕು. ಆಗ ಶುಕ್ರ ಹೊಟ್ಟೆಯೊಳಗಿನ ಶಿಷ್ಯನಿಗೇ ವಿದ್ಯೆಯನ್ನು ಉಪದೇಶಿಸುತ್ತಾನೆ. ಹೊರಬಂದ ಕಚ ಸತ್ತ ಗುರುವನ್ನು ಅದೇ ವಿದ್ಯೆಯಿಂದ ಎಬ್ಬಿಸುತ್ತಾನೆ. ಇಲ್ಲಿಯ ಸ್ವಾರಸ್ಯವನ್ನು ನೋಡಿ: ಸಂಜೀವಿನಿ ಒಬ್ಬನಲ್ಲೇ ಇದ್ದಷ್ಟು ದಿನ ಅದು ಲೋಕಕ್ಕೆಲ್ಲ ಆದೀತು, ಅವನಿಗೆ ಮಾತ್ರ ಆಗದು. ಇಬ್ಬರಿಗೆ ತಿಳಿದಾಗಲೇ ಅದು ಅವನ ಪ್ರಾಣವನ್ನೂ ಉಳಿಸಿತು. ಆಮೇಲೆ ಶುಕ್ರ ಮಾಡಿದ್ದೇನು? ತಾನು ಕುಡಿದು ಕೆಟ್ಟ ನಾಚಿಕೆಯಲ್ಲಿ, ಇನ್ನು ಮುಂದೆ ಕುಡಿಯುವ ಬ್ರಾಹ್ಮಣನಿಗೆ ಬ್ರಹ್ಮಹತ್ಯೆಯ ದೋಷ ತಗಲಲಿ ಎಂದು ಕಟ್ಟುಮಾಡಿದ. ನಾಚಿಕೆಗೊಂಡವನು ಶಪಿಸುವುದು ಸಹಜ. ಆದರೆ ಅವನನ್ನು ಬದುಕಿಸಿದ್ದು ಶಾಪವಲ್ಲ; ಪಾಠ ಹೇಳಿಸಿಕೊಂಡ ಇನ್ನೊಬ್ಬ.

ಶುಕ್ರನ ಕಟ್ಟಳೆಯ ವಂಶ ಮುಂದೆಯೂ ಬೆಳೆದು ಬಂದಿದೆ. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲ ಮರ ಕಡಿದು ಸತ್ಯಾಗ್ರಹ ನಡೆಸಿದರು. ನಮ್ಮ ಸಂವಿಧಾನದ 47ನೆಯ ಅನುಚ್ಛೇದ ಪಾನನಿಷೇಧದ ಕಡೆಗೆ ಯತ್ನಿಸಬೇಕೆಂದು ರಾಜ್ಯಕ್ಕೆ ಹೇಳುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ನಮ್ಮೂರಿನ ಕುಡುಕರು ಪ್ಯಾಕೆಟ್ಟಿನಿಂದ ಬಾಟಲಿಗೆ ಬದಲಾಯಿಸಿದರು, ಕೂಲಿಯಲ್ಲಿ ಇನ್ನಷ್ಟು ಕಳೆದುಕೊಂಡರು. ಅತ್ತ 2023–24ನೆಯ ಸಾಲಿನಲ್ಲಿ ರಾಜ್ಯದ ಅಬಕಾರಿ ವರಮಾನ 30,000 ಕೋಟಿ ರೂಪಾಯಿಗಳನ್ನು ಮೀರಿತು. ಕಾನೂನು ಬೇಡವೆಂದು ನಾನು ಹೇಳುವುದಿಲ್ಲ. ಅಂಗಡಿ ದೂರವಿದ್ದಷ್ಟೂ ಹುಡುಗರು ಕಲಿಯುವುದು ತಡವಾದೀತು. ಆದರೆ ಕಾನೂನು ಮರವನ್ನು ಕಡಿಯಬಲ್ಲುದು. ಕುಡುಕನ ಸಂಜೆಯನ್ನು ಅವನ ಬದಲಿಗೆ ಕಳೆಯಲಾರದು.

ಇಲ್ಲಿ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು, ನಾನೂ ಎತ್ತಿದ್ದೆ. ಮದ್ಯದ ಮುಂದೆ ನಾನು ನಿರ್ಬಲ ಎಂದು ಒಪ್ಪಿಕೊಳ್ಳುವುದು ಈ ಸಂಘದ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದು. ಕುಡಿತ ಒಂದು ರೋಗವೆಂದು ಅಮೆರಿಕದ ವೈದ್ಯರ ಸಂಘ 1956ರಲ್ಲಿಯೇ ಸಾರಿತು. ಒಳ್ಳೆಯದು, ರೋಗವಾದರೆ ದೋಷವೆಲ್ಲಿ? ನಿರ್ಬಲನಾದರೆ ಹೊಣೆ ಎಲ್ಲಿ? ಹೆಂಡತಿಯ ಬಳೆ ಅಡವಿಟ್ಟವನು “ನನ್ನ ಕೈಲಾಗಲಿಲ್ಲ, ಅದು ರೋಗ” ಎಂದು ಕೈತೊಳೆದುಕೊಳ್ಳಬಹುದೆ?

ಅನುಭವ ಇದಕ್ಕೆ ತಿರುಗಿಸಿ ಉತ್ತರ ಹೇಳುತ್ತದೆ. ಕುಡಿಯುವ ಕಾಲದಲ್ಲಿ ನಾನು ಒಂದು ದಿನವೂ ನಿರ್ಬಲನೆಂದು ಹೇಳಿದವನಲ್ಲ. “ಬಿಡಬೇಕೆಂದರೆ ನಾಳೆಯೇ ಬಿಡುತ್ತೇನೆ” ಎಂಬುದು ನನ್ನ ಮಂತ್ರವಾಗಿತ್ತು. ಎಲ್ಲ ಕುಡುಕರ ಮಂತ್ರವೂ ಅದೇ. ಶಕ್ತಿಯಿದೆ ಎನ್ನುವವನಿಗೆ ಅವಸರವಿಲ್ಲ. ಅವನ ಶಕ್ತಿಯೇ ಅವನಿಗೆ ವಾಯಿದೆ ಕೊಡುತ್ತದೆ. ಈಜು ಬಾರದೆಂದು ಒಪ್ಪಿಕೊಂಡವನು ದಂಡೆಯಲ್ಲಿ ನಿಲ್ಲುತ್ತಾನೆ. ಬರುತ್ತದೆಂದು ಹೇಳಿಕೊಳ್ಳುವವನ ಹೆಣವನ್ನು ಕೆರೆಯಿಂದ ಎತ್ತಬೇಕಾಗುತ್ತದೆ. ಸಕ್ಕರೆ ಕಾಯಿಲೆ ಬಂದದ್ದಕ್ಕೆ ಯಾರನ್ನೂ ಬಯ್ಯುವುದಿಲ್ಲ. ಬಂದಿದೆಯೆಂದು ತಿಳಿದ ಮೇಲೆಯೂ ಹೋಳಿಗೆಗೆ ಕೈಯೊಡ್ಡುವವನನ್ನು ಬಯ್ಯುತ್ತೇವೆ. ಹೊಣೆ ಆರಂಭವಾಗುವುದೇ ಒಪ್ಪಿಗೆಯಿಂದ. ಅಲ್ಲದೆ ಆ ಹನ್ನೆರಡು ಮೆಟ್ಟಿಲುಗಳಲ್ಲಿ ಎರಡು, ತಾನು ಯಾರು ಯಾರನ್ನು ನೋಯಿಸಿದೆನೆಂದು ಪಟ್ಟಿ ಮಾಡುವುದಕ್ಕೂ, ಅವರಿಗೆ ಇನ್ನಷ್ಟು ನೋವಾಗದಂತೆ ಅದನ್ನು ಸರಿಪಡಿಸುವುದಕ್ಕೂ ಮೀಸಲಾಗಿವೆ. ನನ್ನ ಪಟ್ಟಿ ಎರಡು ಹಾಳೆ ತುಂಬಿತು.

ಪಟ್ಟಿಯ ಮೊದಲ ಹೆಸರು ನನ್ನ ಹೆಂಡತಿಯದು. ಒಂದು ರಾತ್ರಿ ಸಭೆಯ ವಿಷಯವನ್ನೆಲ್ಲ ಉತ್ಸಾಹದಿಂದ ಅವಳಿಗೆ ಹೇಳಿದೆ. ಎಲ್ಲವನ್ನೂ ಕೇಳಿ ಅವಳು ಅಂದಳು: “ನಿಮಗೆ ಹನ್ನೊಂದು ಜನ ಸಿಕ್ಕಿದ್ರು. ಹದಿನೆಂಟು ವರ್ಷ ನನಗೆ ಯಾರಿದ್ರು?” ನನ್ನಲ್ಲಿ ಉತ್ತರವಿರಲಿಲ್ಲ. ನಾನು ಊರೆದುರಿಗೆ ಕುಡಿದೆ. ಅವಳು ಊರಿಗೆ ಕಾಣದ ಹಾಗೆ ಅಳುತ್ತಿದ್ದಳು. ನನ್ನ ನಾಚಿಕೆಯನ್ನೂ ಅವಳೇ ಹೊತ್ತಿದ್ದಳು. ನನಗೆ ನಾಚಿಕೆ ಇರಲಿಲ್ಲವೆಂದು ಮೊದಲು ಬರೆದೆನಲ್ಲ, ಅದು ಪೂರ್ಣ ನಿಜವಲ್ಲ. ಇತ್ತು, ಅದು ಇನ್ನೊಬ್ಬರ ತಲೆಯ ಮೇಲಿತ್ತು. ಬಿಡಲು ಹೊರಟಾಗ ಅದನ್ನು ನಾನೇ ಹೊರಬೇಕಾಯಿತು. ಕುಡುಕ ಬಿಡುವುದಕ್ಕೆ ಏಕೆ ನಾಚುತ್ತಾನೆ ಎಂಬ ಪ್ರಶ್ನೆಗೆ ಇದೇ ನನ್ನ ಉತ್ತರ. ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ 1951ರಲ್ಲಿ ಕುಡುಕರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೊಂದು ಸಂಘವನ್ನು ಕಟ್ಟಲು ಮುಂದಾದದ್ದರ ಅರ್ಥ ಆಗ ನನಗಾಯಿತು.

ನಾನು ಹೋದ ದಾರಿಯೊಂದೇ ದಾರಿಯೆಂದು ಯಾರೂ ತಿಳಿಯಬಾರದು. ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಚ್ಚು ಜನಕ್ಕೆ ಗೊತ್ತಿರುವುದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರ. ಎಂಟು ದಿನ ಊರಿನ ನಡುವೆಯೇ ವಾಸ್ತವ್ಯ, ವೈದ್ಯರು, ಯೋಗ, ಭಜನೆ, ಮನೆಯವರೂ ಬರುತ್ತಾರೆ. ಆಮೇಲೆ ಶಿಬಿರದಿಂದ ಹೊರಬಂದವರು ನವಜೀವನ ಸಮಿತಿ ಎಂದು ಕೂಡುತ್ತಾರೆ. ಅಲ್ಲಿ ಎಲ್ಲವೂ ಬಹಿರಂಗ, ಇಲ್ಲಿ ಹೆಸರೂ ಗುಟ್ಟು. ಎರಡಕ್ಕೂ ಹೊಂದಿಕೆಯೇ ಇಲ್ಲವೆಂದು ಮೊದಲು ತೋರಿತ್ತು. ಶಿಬಿರದಿಂದ ಬಂದ ನೆರೆಯವರೊಬ್ಬರನ್ನು ಏನು ಉಳಿಸಿತೆಂದು ಕೇಳಿದೆ. ಎಂಟು ದಿನಗಳ ಮಾತನ್ನು ಅವರು ಆಡಲೇ ಇಲ್ಲ. “ಆಮೇಲೆ ವಾರವಾರ ಸೇರ್ತೀವಲ್ಲ ಸಾರ್, ಅದು” ಎಂದರು. ಡಾಕ್ಟರು ಹೇಳಿದ ಎಂಟನೆಯ ದಿನದ ಸಾಯಂಕಾಲ ಇಲ್ಲಿಯೂ ಬಂದಿತ್ತು, ದಾಟಿಸಿದವರು ದಾಟಿದವರೇ. ದೇವರಲ್ಲಿ ನಂಬಿಕೆಯಿದ್ದವರಿಗೆ ಒಂದು, ಇಲ್ಲದವರಿಗೆ ಇನ್ನೊಂದು, ಔಷಧಿ ಬೇಕಾದವರಿಗೆ ನಿಮ್ಹಾನ್ಸಿನಂಥ ಆಸ್ಪತ್ರೆ. 2020ರಲ್ಲಿ ಪಂಡಿತರು 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟಿಗೆ ತೂಗಿನೋಡಿ, ಪೂರ್ತಿ ಬಿಡುವ ವಿಷಯದಲ್ಲಿ ಈ ಸಂಘದ ದಾರಿ ಬೇರೆ ಚಿಕಿತ್ಸೆಗಳಿಗೆ ಕಡಿಮೆಯಲ್ಲ, ಕೆಲವೆಡೆ ಹೆಚ್ಚೇ ಎಂದು ಹೇಳಿದರು.

ಆದರೂ ಬೀಳುವವರು ಬೀಳುತ್ತಾರೆ. ನಾನೂ ಬಿದ್ದೆ. ಆ ವರ್ಷದ ದೀಪಾವಳಿಯಲ್ಲಿ, ಭಾವಮೈದುನನ ಮನೆಯಲ್ಲಿ, “ಒಂದೇ ಒಂದು” ಎಂಬ ಮಾತಿಗೆ ಸೋತು ಮೂರು ದಿನ ಏಳಲಿಲ್ಲ. ಮುಂದಿನ ಶನಿವಾರ ಹೋಗುವುದೋ ಬೇಡವೋ ಎಂದು ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟೆ, ಮೂರನೆಯದನ್ನು ಹತ್ತಿದೆ. ನನ್ನ ಸರದಿ ಬಂದಾಗ ಪುರಾಣಗಳೊಂದೂ ನೆನಪಿಗೆ ಬರಲಿಲ್ಲ. “ನಾನು ಕುಡುಕ. ಮೊನ್ನೆ ಕುಡಿದೆ. ಇವತ್ತು ಕುಡಿದಿಲ್ಲ” ಎಂದೆ. ಯಾರೂ ಏನೂ ಅನ್ನಲಿಲ್ಲ. ತರಕಾರಿಯವರು ಚಹಾದ ಲೋಟವನ್ನು ನನ್ನ ಕಡೆಗೆ ಸರಿಸಿದರು. ಮುರಿದ ಆಣೆಗೆ ಪ್ರಾಯಶ್ಚಿತ್ತ ಬೇಕು, ಪುರೋಹಿತರು ಬೇಕು. ಮುರಿದ ದಿನಕ್ಕೆ ಮಾರನೆಯ ದಿನ ಸಾಕು. ಅಂದಿನಿಂದ ಇಂದಿನವರೆಗೆ ಮುಟ್ಟಿಲ್ಲ. ನಾಳೆಯದು ನನಗೆ ತಿಳಿಯದು.

ಮಗ ದೊಡ್ಡವನಾಗಿ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಆ ಆಣೆಯ ವಿಷಯವನ್ನು ಅವನ ಮುಂದೆ ತೆಗೆದೆ. ಕ್ಷಮೆ ಕೇಳಬೇಕೆಂದು ಎಷ್ಟೋ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಅವನು ಅರ್ಧದಲ್ಲೇ ತಡೆದ. “ಆಣೆ ಏನೂ ನೆನಪಿಲ್ಲ ಅಪ್ಪ. ನಿಮ್ಮ ಕೈ ನಡುಗ್ತಿತ್ತು. ಅಪ್ಪನಿಗೆ ಏನೋ ಆಗ್ತಿದೆ, ಯಾರನ್ನ ಕರೀಬೇಕು ಅಂತ ಗೊತ್ತಾಗ್ಲಿಲ್ಲ, ಅದು ನೆನಪಿದೆ” ಎಂದ. ಒಂಬತ್ತು ವರ್ಷದ ಹುಡುಗನಿಗೆ ತಿಳಿದದ್ದು ನನಗೆ ತಿಳಿಯಲು ಏಳು ವರ್ಷ ಬೇಕಾಯಿತು: ಯಾರನ್ನಾದರೂ ಕರೆಯಬೇಕಾಗಿತ್ತು.

ಈ ಬರಹದ ಕೆಳಗೆ ನನ್ನ ಹೆಸರಿಲ್ಲ. ಪತ್ರಿಕೆಗಳಲ್ಲಿ ಹೆಸರು ಹೇಳಿಕೊಳ್ಳಬಾರದೆಂಬುದು ಆ ಸಂಘದ ಸಂಪ್ರದಾಯ. ಮೊದಲ ದಿನ ನಾಚಿಕೆಯಿಂದ ಮುಖ ಮರೆಸಿಕೊಂಡೆ. ಇಂದು ಹೆಮ್ಮೆ ಬಾರದಿರಲೆಂದು ಹೆಸರು ಮರೆಸುತ್ತಿದ್ದೇನೆ. ನೋಡುವವರಿಗೆ ಎರಡೂ ಒಂದೇ. ನನಗೆ ಅವುಗಳ ನಡುವೆ ಬಹಳ ದೂರವಿದೆ. ಊರಿನವರಿಗಂತೂ ಈಗ ಗುಟ್ಟೇನೂ ಉಳಿದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ರಾತ್ರಿ ಗುಬ್ಬಿಯಲ್ಲಿ ಬಸ್ಸಿಳಿದಾಗ ಹಳೆಯ ಶಿಷ್ಯನೊಬ್ಬ ಆಟೋ ನಿಲ್ಲಿಸಿಕೊಂಡು ಕೇಳಿದ: “ಎಲ್ಲಿಗೆ ಹೋಗಿದ್ರಿ ಸಾರ್, ಇಷ್ಟೊತ್ತಲ್ಲಿ?” ಕನ್ನಡಕದ ಸುಳ್ಳು ನಾಲಗೆಯ ತುದಿಗೆ ಬಂದಿತು. ಅವನ ಬಾಯಿಂದ ವಾಸನೆ ಬರುತ್ತಿತ್ತು. ಎಲ್ಲಿಗೆ ಹೋಗಿದ್ದೆನೋ ಅದನ್ನೇ ಹೇಳಿದೆ.

ಮನೆ ಬರುವವರೆಗೆ ಅವನು ಮಾತನಾಡಲಿಲ್ಲ. ಇಳಿದು ಬಾಡಿಗೆ ಕೊಡಲು ಹೋದಾಗ, ಹಣವನ್ನು ನೋಡದೆ, ರಸ್ತೆಯನ್ನು ನೋಡುತ್ತ ಕೇಳಿದ: “ಯಾವ ವಾರ ಸಾರ್ ಅದು?”

ಎರಡು ಶನಿವಾರ ನನ್ನ ಜೊತೆ ಬಂದ. ಆಮೇಲೆ ಬರಲಿಲ್ಲ. ನಾನು ಬಸ್ ಹತ್ತುವ ಮೊದಲು ಇಂದಿಗೂ ಆಟೋ ನಿಲ್ದಾಣದ ಕಡೆಗೆ ಒಮ್ಮೆ ನೋಡುತ್ತೇನೆ.